ಏರಿನಲ್ಲಿ ಕಲ್ಲು ಕೊಟ್ಟವಳು

"ಇದು ಮನೆಯಲ್ಲ ಕಣ್ರೀ ಸಾಬ್ರೇ. ಲಾಡ್ಜಿಗೆ ದುಡ್ಡು ಬಿಚ್ಚೋಕೆ ಸಂಕಟಪಡೋರು ಮಾಡಿಸ್ಕೊಂಡಿರೋ ತಗಡಿನ ಡಬ್ಬ."

ಹೀಗೆಂದವನು ತನ್ನ ಮಾತು ಮೆಕ್ಯಾನಿಕ್ ಕರೀಂ ಸಾಬರ ಕಿವಿಗೆ ಮಾತ್ರ ಬಿತ್ತೆಂದು ತಿಳಿದಿದ್ದ. ಆದರೆ ಡಬ್ಬದ ಒಳಗೆ ಗಿರಿಜಾಂಬಿಕಾ ಕುಳಿತಿದ್ದಳು. ಅವಳು ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ, ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆಯುವ ಮುನ್ನ ವಿದ್ಯಾರ್ಥಿನಿಯ ಮುಖ ನೋಡುವ ಹಾಗೆ ಅವನ ಮುಖ ನೋಡಿದಳು.

"ಡಬ್ಬಕ್ಕೆ ಕಿವಿ ಇದೆ," ಎಂದಳು.

ಅವನು ತಲೆಯೆತ್ತಿದ. ಗಾಬರಿಯಾಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಿಟಕಿಯಲ್ಲಿ ಕಂಡ ಅರ್ಧ ಮುಖದಿಂದ ಉಳಿದರ್ಧವನ್ನು ಅಂದಾಜು ಮಾಡುವವನಂತೆ ನಿಂತ.

"ಇದ್ರೆ ಒಳ್ಳೇದೇ ಆಯ್ತು ಬುಡಿ. ಇನ್ನೊಂದು ಸಲ ಹೇಳೋ ಕೆಲಸ ತಪ್ತು."

ಗಿರಿಜಾಂಬಿಕಾ ಪರದೆ ಎಳೆದುಕೊಂಡಳು. ಅವಳಿಗೆ ಬಂದ ಸಿಟ್ಟು ಆ ಮಾತಿನ ಮೇಲೆ ಬಂದದ್ದಲ್ಲ. ಮಾತು ಅವಳದೇ ಆಗಿತ್ತು. ಅಷ್ಟು ದಿನದಿಂದ ಮನಸ್ಸಿನೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದ ತಿರಸ್ಕಾರವನ್ನು ಯಾವನೋ ಲಾರಿಯವನು ಬಂದು, ಬಿ.ಎಚ್. ರಸ್ತೆಯ ಬದಿಯಲ್ಲಿ ನಿಂತು, ಅವಳಿಗಿಂತ ಮೊದಲೇ ಆಡಿಬಿಟ್ಟಿದ್ದ.

ತಿಪಟೂರಿನವರು ಅದನ್ನು ಗಾಲಿಮನೆ ಎನ್ನುತ್ತಿದ್ದರು. ಯಾವುದೋ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರೊಬ್ಬ ವಾಸವಾಗಿದ್ದ, ಎರಡು ಚಕ್ರದ ಮೇಲೆ ಕುಳಿತ ತಗಡಿನ ಮನೆ ಅದು. ಒಳಗೆ ಮಡಚುವ ಮಂಚ, ಗೇಣಗಲದ ಅಡುಗೆ ಕಟ್ಟೆ, ನೀರು ಬಾರದ ಒಂದು ನಲ್ಲಿ. ಆತ ತನ್ನ ದೇಶಕ್ಕೆ ಹೋದ ಮೇಲೆ ಸಾಮಾನೆಲ್ಲ ಹರಾಜಿಗೆ ಬಂತು. ಗಿರಿಜಾಂಬಿಕೆಯ ತಂದೆ, ಕೊಬ್ಬರಿ ಮಂಡಿಯ ಶಂಭುಲಿಂಗಯ್ಯನವರು, ಹಳೆಯ ಕಬ್ಬಿಣ ಕೊಳ್ಳಲೆಂದು ಹೋದವರು, ಎದುರು ಮಂಡಿಯ ಗಂಗಯ್ಯ ಕೈ ಎತ್ತಿದ್ದನ್ನು ಕಂಡು ತಾವೂ ಎತ್ತಿದರು. ಗಂಗಯ್ಯ ಇಳಿಸಿದ. ಇವರು ಇಳಿಸಲಿಲ್ಲ. ತಾವು ಕೊಂಡದ್ದು ಏನೆಂದು ಅವರಿಗೆ ತಿಳಿದದ್ದು ಅದು ದೊಡ್ಡ ಲಾರಿಯೊಂದರ ಬೆನ್ನಮೇಲೆ ಊರಿಗೆ ಬಂದಿಳಿದ ಮೇಲೆ. ಅಂದಿನಿಂದ, ಇಂಥದೊಂದು ಬೇಕೆಂದು ಬಹಳ ಕಾಲದಿಂದ ಆಸೆಯಿತ್ತು ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದರು.

ಗಿರಿಜಾಂಬಿಕೆಗೆ ಇಪ್ಪತ್ತೇಳು ವರ್ಷ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು. ಅವಳ ವಿಷಯದಲ್ಲಿ ಊರಿನಲ್ಲಿ ಎರಡು ಮಾತು ಪ್ರಸಿದ್ಧವಾಗಿದ್ದವು. ಅವಳ ಲೆಕ್ಕ ತಪ್ಪುವುದಿಲ್ಲ. ಅವಳ ಕಣ್ಣಿಗೆ ಯಾರೂ ಮನುಷ್ಯರಾಗಿ ಕಾಣುವುದಿಲ್ಲ. ಎರಡೂ ನಿಜವಾಗಿದ್ದವು. ನೋಡಲು ಬಂದ ಗಂಡುಗಳಲ್ಲಿ ಒಬ್ಬ ಬಡ್ಡಿಯ ಲೆಕ್ಕ ಬಾರದ ಬ್ಯಾಂಕಿನವನು, ಇನ್ನೊಬ್ಬ ತನ್ನ ತೋಟದಲ್ಲಿ ಎಷ್ಟು ಮರಗಳಿವೆಯೆಂದು ಅಪ್ಪನ ಮುಖ ನೋಡಿ ಹೇಳುವವನು. ಒಬ್ಬೊಬ್ಬರಾಗಿ ಕಾಫಿ ಕುಡಿದು ಎದ್ದು ಹೋದರು.

ಕಡೆಗೆ ಮೂಡಿಗೆರೆ ಕಡೆಯ ಕಾಫಿ ತೋಟದ ಹಾಲಸ್ವಾಮಿ ಬಂದ. ನಡುಮನೆಯಲ್ಲಿ ಹೆಣ್ಣಿನ ಎದುರು ಕುಳಿತಾಗ ಹಾಕಿಕೊಂಡೇ ಇದ್ದ ತಂಪು ಕನ್ನಡಕವನ್ನು, ಅಂಗಳದಲ್ಲಿ ಗಾಲಿಮನೆಯ ಎದುರು ನಿಂತಾಗ ತೆಗೆದ. ಅದರ ಬಾಗಿಲು ತೆಗೆದು ಹಾಕಿದ. ಮಂಚ ಮಡಚಿ ಬಿಡಿಸಿದ. ನೀರು ಬಾರದ ನಲ್ಲಿಯನ್ನು ತಿರುಗಿಸಿ ಸಂತೋಷಪಟ್ಟ. ಅವನ ಸೋದರಮಾವ ಮಾತು ಮುಗಿಸಿದರು. ಹುಡುಗಿ ಒಪ್ಪಿಗೆ, ಆದರೆ ಜೊತೆಗೆ ಗಾಲಿಮನೆಯೂ ಘಟ್ಟದ ದಾರಿ ಹತ್ತಿ ತೋಟಕ್ಕೆ ಬರಬೇಕು. ಇಂಥವು ಏರಿನಲ್ಲಿ ಹಿಂದಕ್ಕೆ ಜಾರುತ್ತವೆಂದು ಕೇಳಿದ್ದುಂಟು. ಚಿಕ್ಕನಾಯಕನಹಳ್ಳಿಯಾಚೆಯ ಕಣಿವೆ ರಸ್ತೆಯಲ್ಲಿ ಒಮ್ಮೆ ಹತ್ತಿಸಿ ತೋರಿಸಿದರೆ, ಅಲ್ಲೇ ತಾಂಬೂಲದ ತಟ್ಟೆ ಬದಲಾಯಿಸಿ ನಿಶ್ಚಯ ಮಾಡಿಬಿಡೋಣ.

ಶಂಭುಲಿಂಗಯ್ಯನವರು ಈ ಸಲ ಮಗಳನ್ನು ಕೇಳಬಾರದೆಂದು ನಿಶ್ಚಯಿಸಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ಅವಳು ತಾನಾಗಿಯೇ ಆಗಲಿ ಎಂದಳು. ಬಂದವರೆಲ್ಲ ಸೊನ್ನೆಗಳೆಂದು ಸಿದ್ಧವಾದ ಮೇಲೆ ಯಾವ ಸೊನ್ನೆಯನ್ನು ಬರೆದುಕೊಂಡರೂ ಮೊತ್ತ ಬದಲಾಗದು. ಅವಳ ಒಪ್ಪಿಗೆಯಲ್ಲಿದ್ದದ್ದು ಅಷ್ಟೇ.

ಅದಾದ ವಾರದಲ್ಲಿ, ಚಕ್ರಗಳ ರಿಪೇರಿಗೆಂದು ಗಾಲಿಮನೆ ಕರೀಂ ಸಾಬರ ಷೆಡ್ಡಿಗೆ ಬಂದಿತ್ತು. ಆಗಲೇ ಅದನ್ನು ತಗಡಿನ ಡಬ್ಬ ಎನ್ನುವವನೊಬ್ಬ ಅವಳ ಕಿಟಕಿಯ ಕೆಳಗೆ ನಿಂತದ್ದು.

ಅವನ ಹೆಸರು ಬೆಟ್ಟಸ್ವಾಮಿ, ಊರು ಶೆಟ್ಟಿಕೆರೆ. ಗಣಿಯಿಂದ ಅದಿರು ಸಾಗಿಸುವ ಎರಡು ಲಾರಿಗಳಿದ್ದವು. ಒಂದನ್ನು ತಾನೇ ಓಡಿಸುತ್ತಿದ್ದ. ಅದು ಸ್ಪ್ರಿಂಗಿನ ಪಟ್ಟಿ ಮುರಿದು ಷೆಡ್ಡಿನಲ್ಲಿ ನಿಂತಿತ್ತು. ಕೆಂಧೂಳು ಹತ್ತಿ ಹತ್ತಿ ಬಣ್ಣವೇ ತಿಳಿಯದ, ಗಿಡ್ಡ ಬೆನ್ನಿನ, ಕುರೂಪಿ ಲಾರಿ. ಇವನಿಗೂ ಮದುವೆಯಾಗಿಲ್ಲವೆಂದೂ, ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಬೆಂದಿಲ್ಲವೆಂದು ಹೇಳಿ ಎದ್ದು ಬಂದವನೆಂದೂ ಕರೀಂ ಸಾಬರು ಕೇಳದಿದ್ದರೂ ತಿಳಿಸಿದರು. ಅದು ದುರಹಂಕಾರವೆಂದು ಗಿರಿಜಾಂಬಿಕಾ ಅಂದಳು. ಬೇಯದ ಉಪ್ಪಿಟ್ಟನ್ನು ಚೆನ್ನಾಗಿದೆ ಎಂದವರನ್ನು ಅವಳು ಬಹಳ ಮಂದಿ ಕಂಡಿದ್ದಳು ಎಂಬುದನ್ನು ಮಾತ್ರ ಅನ್ನಲಿಲ್ಲ.

ಯಾವ ವಾಹನಕ್ಕೆ ಗಾಲಿಮನೆಯನ್ನು ಕಟ್ಟಬೇಕೆಂದು ಆರಿಸುವ ಹೊಣೆ ಅವಳ ಮೇಲೆಯೇ ಬಿತ್ತು. ಲೆಕ್ಕ ಎಂದರೆ ಗಿರಿಜಾ ಎಂದು ತಂದೆ ಹೆಮ್ಮೆಯಿಂದ ಹೇಳಿದರು. ತನ್ನನ್ನು ಕೊಂಡೊಯ್ಯುವ ಗಾಡಿಯನ್ನು ತಾನೇ ಆರಿಸುವುದು ಅವಳಿಗೆ ನಗು ತರಿಸಿತು. ಆದರೂ ಲೆಕ್ಕ ಲೆಕ್ಕವೇ. ಅವಳು ಶಾಲೆ ಬಿಟ್ಟ ಮೇಲೆ ದಿನವೂ ಷೆಡ್ಡಿಗೆ ಬಂದಳು.

ಮೊದಲು ಬಂದದ್ದು ಅವಳ ಚಿಕ್ಕಪ್ಪ ತೋಂಟದಾರ್ಯನ ಲಾರಿ. ನಾರಿನ ಮಿಲ್ಲಿನ ಲಾರಿ ಅದು. ಹಣೆಯ ಮೇಲೆ ನವಿಲು, ಬೆನ್ನಮೇಲೆ ಕಮಲ, ಊರಾಚೆಗೂ ಕೇಳುವ ಹಾರನ್ನು. ತೆಂಗಿನ ನಾರಿನ ಹೊರೆಗಳನ್ನು ದೂರವಾಣಿಯ ತಂತಿ ಮುಟ್ಟುವಷ್ಟು ಎತ್ತರಕ್ಕೆ ಪೇರಿಸಿಕೊಂಡು ಅದು ಊರೂರು ತಿರುಗುತ್ತಿತ್ತು. ಆಕಾಶದಷ್ಟು ಲೋಡು ಎಳೆಯುವ ಲಾರಿಗೆ ಈ ಪುಟ್ಟ ಮನೆ ಯಾವ ಲೆಕ್ಕ ಎಂದು ತೋಂಟದಾರ್ಯ ಎದೆ ತಟ್ಟಿಕೊಂಡ.

"ಆಕಾಶಕ್ಕೆ ತೂಕ ಇಲ್ಲ ಚಿಕ್ಕಪ್ಪ," ಎಂದಳು ಗಿರಿಜಾಂಬಿಕಾ.

ತೆಂಗಿನ ಸೀಮೆಯಲ್ಲಿ ಹುಟ್ಟಿದವರು ಮಾತ್ರ ಮಾಡುವ ತಪ್ಪು ಅದು. ಲೋಡಿನ ಎತ್ತರ ನೋಡಿ ಭಾರ ಹೇಳುವುದು. ನಾರು ಎಷ್ಟು ಎತ್ತರವಾದರೂ ನಾರೇ. ಆ ಲಾರಿ ಹುಟ್ಟಿದಾಗಿನಿಂದ ಭಾರವೆಂದರೇನೆಂದು ತಿಳಿಯದೆ ಬೆಳೆದಿತ್ತು, ಯಜಮಾನನಂತೆ. ಹೀಗೆಂದು ಹೇಳಹೊರಟವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಪಕ್ಕದಲ್ಲಿ ತನ್ನ ಲಾರಿಯ ಅಡಿಯಲ್ಲಿ ಮಲಗಿ ಏನನ್ನೋ ಬಿಗಿಯುತ್ತಿದ್ದ ಬೆಟ್ಟಸ್ವಾಮಿಯ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳು ನಗುತ್ತಿದ್ದವು. ಕಾಲುಗಳು ನಗುವುದನ್ನು ಅವಳು ಅದೇ ಮೊದಲು ಕಂಡದ್ದು.

ಬಿಳಿಗೆರೆಯ ನೆಂಟರ ಟ್ರ್ಯಾಕ್ಟರು ಬಂತು. ಶಕ್ತಿಯೇನೋ ಇತ್ತು, ಇಳಿಜಾರಿನಲ್ಲಿ ತನ್ನನ್ನೇ ತಾನು ತಡೆದುಕೊಳ್ಳುವ ಬುದ್ಧಿ ಇರಲಿಲ್ಲ. ಹಾಲಸ್ವಾಮಿ ತನ್ನ ಜೀಪು ಕಳುಹಿಸುವೆನೆಂದು ಹೇಳಿ ಕಳುಹಿಸಿದ. ಅದು ಗಾಲಿಮನೆಗಿಂತ ಹಗುರ. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಬೇಕು, ಇಲ್ಲವಾದರೆ ತಿರುವಿನಲ್ಲಿ ಮನೆಯೇ ಜೀಪನ್ನು ಓಡಿಸುತ್ತದೆ ಎಂದು ಅವಳು ತಂದೆಗೆ ತಿಳಿಸಿ ಹೇಳಿದಳು. ಹಾಲಸ್ವಾಮಿಯ ಮನೆಯಲ್ಲಿ ಮುಂದೆ ಯಾರು ಯಾರನ್ನು ಓಡಿಸುವರೆಂಬುದು ಆ ಹೊತ್ತಿಗೆ ತಂದೆಗೂ ಮಗಳಿಗೂ ಹೊಳೆದಿರಬೇಕು. ಇಬ್ಬರೂ ಬೇರೆ ಕಡೆ ನೋಡಿದರು.

ಒಂದು ಸಂಜೆ ತಾಯಿ ಗುರುಶಾಂತಮ್ಮ ಗಾಲಿಮನೆಗೆ ಸಾಮಾನು ತುಂಬಿಸಿದರು. ಬೀಗರ ಮನೆಗೆ ಹೋಗುವ ಮನೆ ಖಾಲಿ ಹೋಗಬಾರದಂತೆ. ಒರಳುಕಲ್ಲು, ಹಿತ್ತಾಳೆಯ ಹಂಡೆ, ಕೊಬ್ಬರಿ ಚೀಲಗಳು, ಎಲ್ಲವೂ ಹಿಂಬದಿಯ ಮಂಚದ ಕೆಳಗೆ ಸೇರಿದವು. ಮುಂದಿನ ಕೊಂಡಿಗೆ ಕೊಟ್ಟಿದ್ದ ದಿಮ್ಮಿಯ ಮೇಲಿಂದ ಮನೆಯ ಮೂತಿ ಮೆಲ್ಲಗೆ ಮೇಲೆದ್ದು ಗಾಳಿಯಲ್ಲಿ ನಿಂತಿತು.

"ಹಿಂಭಾರ," ಎಂದಳು ಗಿರಿಜಾಂಬಿಕಾ.

"ಹಿಂಭಾರ," ಎಂದ ಬೆಟ್ಟಸ್ವಾಮಿ, ಅದೇ ಉಸಿರಿಗೆ, ಷೆಡ್ಡಿನ ಆ ತುದಿಯಿಂದ.

ಎತ್ತಿನ ಗಾಡಿಗೆ ಭಾರ ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಅದನ್ನು ಈ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಮಾತಿನಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಇಬ್ಬರ ದನಿಯಲ್ಲೂ ಒಂದೇ ಬೇಸರ, ಒಂದೇ ತಾತ್ಸಾರ, ಒಂದೇ ಅಳತೆಯಲ್ಲಿ ಬೆರೆತಿತ್ತು. ಅವನು ಅವಳ ಕಡೆ ನೋಡಿದ. ಅವಳು ಒರಳುಕಲ್ಲಿನ ಕಡೆ ನೋಡಿದಳು. ಕಿವಿಯ ತುದಿ ಬೆಚ್ಚಗಾದದ್ದಕ್ಕೆ ಒರಳುಕಲ್ಲೇ ಕಾರಣವೆಂಬಂತೆ ಅದನ್ನು ಮುಂದಕ್ಕೆ ಸಾಗಿಸಲು ಹೇಳಿದಳು.

ಮಾರನೆಯ ದಿನ ಅವಳು ಅವನ ಲಾರಿಯನ್ನು ನೋಡಬೇಕೆಂದಳು.

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಕ್ಯಾಬಿನ್ನಿನ ಸೀಟಿನ ಅರ್ಧ ಒರೆಸಿದ. ಅವಳು ಒರೆಸದ ಅರ್ಧದಲ್ಲಿ ಕುಳಿತಳು. ಕೆಳಗೆ ಹಿಂಚಕ್ರದ ಬಳಿ ಕುಳಿತ ಅವನು ಪಕ್ಕದ ಕನ್ನಡಿಯಲ್ಲಿ ತನ್ನನ್ನು ನೋಡುತ್ತಿರುವುದು ಕಂಡಿತು. ತಾನು ಅದನ್ನು ಕಂಡದ್ದು ಅವನಿಗೂ ತಿಳಿಯಿತು. ಅವನು ಎದ್ದು ಹೋಗಿ ಕನ್ನಡಿಯನ್ನು ತೆಂಗಿನ ಮರಗಳ ಕಡೆ ತಿರುಗಿಸಿ ಬಂದ. ಆ ಮರ್ಯಾದೆ ಅವಳಿಗೆ ಯಾಕೋ ಹಿತವಾಗಲಿಲ್ಲ. ಅದುವರೆಗೆ ಯಾರ ದೃಷ್ಟಿ ತಪ್ಪಿದರೂ ಅವಳಿಗೆ ನಷ್ಟವೆನಿಸಿರಲಿಲ್ಲ.

ಅವಳು ಬ್ರೇಕಿನ ವಿಷಯ ಕೇಳಿದಳು. ಮೊದಲ ಗೇರು ಎಷ್ಟು ನಿಧಾನವೆಂದು ಕೇಳಿದಳು. ಖಾಲಿ ಲಾರಿಯ ತೂಕ ಕೇಳಿದಳು. ಎಲ್ಲಕ್ಕೂ ಅವನು ಚುಟುಕಾಗಿ, ಸರಿಯಾಗಿ ಉತ್ತರಿಸಿದ. ಹತ್ತುವುದು ದೊಡ್ಡದಲ್ಲ, ಹತ್ತಿದ್ದನ್ನು ಹಿಡಿದು ನಿಲ್ಲಿಸುವುದು ದೊಡ್ಡದು ಎಂದು ಅವಳು ಹೇಳಹೊರಟಾಗ, ಅದು ತಿಳಿಯದವರು ಅದಿರು ಹೊರುವುದಿಲ್ಲ ಎಂದ.

"ಏರಿನಲ್ಲಿ ನಿಲ್ಲಿಸಿದ್ರೆ?" ಎಂದಳು.

"ಚಕ್ರಕ್ಕೆ ಕಲ್ಲು ಕೊಡ್ತಾರೆ. ಕೊಟ್ಟೋರೇ ರೈಟ್ ಅನ್ಬೇಕು. ಬೇರೆ ಯಾರು ಬಡ್ಕೊಂಡ್ರೂ ಲಾರಿ ಅಲ್ಲಾಡಲ್ಲ."

ಯಾಕೆಂದು ಕರೀಂ ಸಾಬರು ತಮ್ಮ ಬಲಗೈ ಎತ್ತಿ ತೋರಿಸಿದರು. ಕಿರುಬೆರಳು ಇರಲಿಲ್ಲ. ಹಿಂದೆ ಯಾವುದೋ ಘಟ್ಟದಲ್ಲಿ ಅವರು ಚಕ್ರದ ಹಿಂದೆ ಕಲ್ಲು ಸರಿಪಡಿಸುತ್ತಿದ್ದಾಗ, ರಸ್ತೆಬದಿಯಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ಸುಮ್ಮನಿರಲಾರದೆ ರೈಟ್ ಎಂದಿದ್ದನಂತೆ. ಅಲ್ಲಿಂದೀಚೆಗೆ ಈ ಸೀಮೆಯ ಲಾರಿಯವರಲ್ಲಿ ಅದೊಂದು ಕಟ್ಟಳೆ. ಇನ್ನೊಬ್ಬರ ಮಾತಿಗೆ ಲಾರಿ ಬಿಟ್ಟವನಿಗೆ ಸ್ಟ್ಯಾಂಡಿನಲ್ಲಿ ಚಹಾ ಕೂಡ ಹುಟ್ಟದು.

"ನಾನೂ ದಿನಾ ರೈಟ್ ಹಾಕೋಳೇ," ಎಂದಳು ಗಿರಿಜಾಂಬಿಕಾ. "ತಪ್ಪು ಲೆಕ್ಕಕ್ಕೆ ಒಂದು ಸಲಾನೂ ಹಾಕಿಲ್ಲ."

"ಗೊತ್ತು. ಮೂರು ತಾಲ್ಲೂಕಿಗೂ ಗೊತ್ತು ಮೇಡಂನೋರೆ," ಎಂದ. ಅದು ಹೊಗಳಿಕೆಯೋ ಅಣಕವೋ ತಿಳಿಯಲು ಅವನ ಮುಖ ನೋಡಬೇಕಾಯಿತು. ನೋಡಿದ ಮೇಲೆ ಬೇಗ ತಿರುಗಿಸಲು ಆಗಲಿಲ್ಲ.

ಆ ಸಂಜೆ ಅವಳು ಲೆಕ್ಕ ಮಾಡಿದಳು. ಬಂದ ಉತ್ತರವನ್ನು ನೋಡಿ ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ ಬಂತು. ಗಾಲಿಮನೆಯನ್ನು ಘಟ್ಟ ಹತ್ತಿಸಿ, ಹಿಡಿದು, ಇಳಿಸಬಲ್ಲ ವಾಹನ ಮೂರು ತಾಲ್ಲೂಕಿನಲ್ಲಿ ಒಂದೇ ಇತ್ತು. ಅದನ್ನು ಓಡಿಸುವವನು ಸೊನ್ನೆಯಲ್ಲವೆಂಬುದೂ ಆ ಲೆಕ್ಕದ ಜೊತೆಗೇ ಹೊರಬಿದ್ದ ಉತ್ತರ. ಅದನ್ನು ಯಾರೂ ಕೇಳಿರಲಿಲ್ಲ.

ತೋಂಟದಾರ್ಯನ ಲಾರಿ ಎಂದುಬಿಟ್ಟರೆ ಸಾಕಿತ್ತು. ಅದು ಕಣಿವೆಯ ಅರ್ಧ ಏರಿ ನವಿಲು ಕಮಲಗಳೊಂದಿಗೆ ಹಿಂದಕ್ಕೆ ಬರುತ್ತಿತ್ತು. ಹಾಲಸ್ವಾಮಿ ತಂಪು ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಆದರೆ ತಪ್ಪೆಂದು ಗೊತ್ತಿದ್ದೂ ತಪ್ಪು ಉತ್ತರ ಕೊಡುವುದೇ? ಅಂಥವರನ್ನು ಅವಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ತಂದೆಗೆ ಬೆಟ್ಟಸ್ವಾಮಿಯ ಹೆಸರು ಹೇಳಿದಳು.

ಲಾರಿಗೆ ಕೊಂಡಿ ಬೆಸೆಯುವ ದಿನ ಅವಳು ಷೆಡ್ಡಿಗೆ ಹೋದಾಗ ಅವನು ಲಾರಿಯ ಹಿಂದೆ ನಿಂತಿದ್ದ. ಬೆಸುಗೆಯ ಕಿಡಿ ಹಾರುತ್ತಿದ್ದುದರಿಂದ ಇಬ್ಬರೂ ಮುಖ ತಿರುಗಿಸಿ ನಿಲ್ಲಬೇಕಾಯಿತು. ಹಾಗೆ ತಿರುಗಿದಾಗ ಎದುರುಬದುರಾದರು.

"ಬೇರೆ ಲಾರಿ ಹೇಳಬೌದಿತ್ತು," ಎಂದ.

"ಲೆಕ್ಕ ಹಾಗೆ ಬಂತು."

"ನಿಮ್ಮನ್ನ ಅವನ ತೋಟಕ್ಕೆ ನಾನೇ ಎಳ್ಕೊಂಡು ಹೋಗಿ ಬುಡಬೇಕು ಅಂತ ಬಂತಾ ಲೆಕ್ಕ?"

ಅವನ ಹುಬ್ಬಿನ ಮೇಲೆ ಕೆಂಧೂಳು ಕುಳಿತಿತ್ತು. ಅದನ್ನು ಒರೆಸಬೇಕೆಂದು ತನ್ನ ಕೈಗೆ ಅನ್ನಿಸಿದ್ದು ಅವಳಿಗೆ ತಿಳಿಯಿತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾನು ಬರಲ್ಲ ಅಂದ್ರೆ?"

"ಹೇಡಿ ಅಂದ್ಕೊತೀನಿ."

"ನೀವು ಒಲ್ಲೆ ಅನ್ನೋಕಾಗದೆ ಲೆಕ್ಕದ ಹಿಂದೆ ಅವಿತ್ಕೊಂಡಿದ್ದೀರಲ್ಲ, ಅದಕ್ಕೆ ಏನಂತಾರೆ?"

ಯಾರೂ ಅವಳೊಂದಿಗೆ ಹೀಗೆ ಮಾತಾಡಿರಲಿಲ್ಲ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಕಣಿವೆಯಲ್ಲಿರಬೇಕೆಂದು ಮಾತ್ರ ಹೇಳಿದಳು. ಬತ್ತೀನಿ ಬುಡಿ, ಎಂದು ಅವನು ಬೆನ್ನು ತಿರುಗಿಸಿದ. ಇಬ್ಬರೂ ತಮ್ಮ ತಮ್ಮ ಸೊಕ್ಕಿನ ಕೊಂಡಿಗೆ ತಾವೇ ಸಿಕ್ಕಿಕೊಂಡಿದ್ದರು. ಬೆಸುಗೆ ಚೆನ್ನಾಗಿ ಕೂತಿದೆ ಎಂದು ಕರೀಂ ಸಾಬರು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಭಾನುವಾರ ಕಣಿವೆಯ ಬುಡದಲ್ಲಿ ಎಲ್ಲರೂ ಸೇರಿದರು. ಗುರುಶಾಂತಮ್ಮ ಸೆರಗಿನಡಿ ತಾಂಬೂಲದ ತಟ್ಟೆ ಹಿಡಿದಿದ್ದರು. ಹಾಲಸ್ವಾಮಿಯ ಜೀಪು ಹೊಳೆಯುತ್ತಿತ್ತು; ಹಾಲಸ್ವಾಮಿಯೂ ಹೊಳೆಯುತ್ತಿದ್ದ. ತೋಂಟದಾರ್ಯ ತನ್ನ ಲಾರಿಯನ್ನು ಬೇಡವೆಂದವರು ಹೇಗೆ ಸೋಲುವರೆಂದು ನೋಡಲು ಬಂದಿದ್ದ. ಬೆಟ್ಟಸ್ವಾಮಿಯ ಮುದಿ ಕ್ಲೀನರ್ ಚಿಕ್ಕರಂಗಯ್ಯ ಎದುರಿನಿಂದ ಬರುವ ಬಸ್ಸುಗಳನ್ನು ತಡೆಯಲು ಕೆಂಪು ಬಟ್ಟೆ ಹಿಡಿದು ಮೇಲಿನ ತಿರುವಿಗೆ ಹೋಗಿದ್ದ.

ಪರೀಕ್ಷೆಯ ನಿಯಮ ಗಿರಿಜಾಂಬಿಕೆಯದೇ. ಸುಮ್ಮನೆ ಹತ್ತಿದರೆ ಸಾಲದು. ಏರಿನ ನಟ್ಟನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ತೋರಿಸಬೇಕು. ಅವಳು ಗಾಲಿಮನೆಯ ಪಕ್ಕದಲ್ಲಿ ನಡೆದುಕೊಂಡೇ ಹತ್ತಿದಳು. ಉಳಿದವರು ಅಷ್ಟು ದೂರದಲ್ಲಿ ಹಿಂದೆ ಬಂದರು.

ಲಾರಿ ಮೊದಲ ಗೇರಿನಲ್ಲಿ, ಒಂದೇ ಸಮನೆ ಗೊಣಗುತ್ತ, ಯಾರ ಹಂಗೂ ಇಲ್ಲದಂತೆ ಏರಿತು. ಎರಡೂ ಬದಿಯ ಜಾಲಿಗಿಡಗಳು ಅದಿರಿನ ಧೂಳಿಗೆ ಕೆಂಪಗಾಗಿದ್ದವು. ಗಾಲಿಮನೆ ಅಲ್ಲಾಡಲಿಲ್ಲ, ಓಲಾಡಲಿಲ್ಲ. ಬೆಳಗಿನ ಬಿಸಿಲಿಗೆ ಬೆಳ್ಳಗೆ ಮಿನುಗುತ್ತ ಹಿಂಬಾಲಿಸಿತು. ಅಷ್ಟು ದಿನದಲ್ಲಿ ಮೊದಲ ಸಲ ಆ ಡಬ್ಬ ಚೆಂದ ಕಂಡಿತು, ಚೆಂದ ಕಂಡದ್ದರಿಂದಲೇ ಅವಳು ಒಂದು ಹೆಜ್ಜೆ ಹಿಂದುಳಿದಳು. ಲೆಕ್ಕ ಸರಿಯಾಗಿತ್ತು. ಇದು ಮೂಡಿಗೆರೆಗೆ ಹೋಗಿ ಮುಟ್ಟುತ್ತದೆ.

ನಡು ಏರಿನಲ್ಲಿ ಲಾರಿ ನಿಂತಿತು. ಚಿಕ್ಕರಂಗಯ್ಯ ಮೇಲಿದ್ದ. ಕಲ್ಲು ಕೊಡಲು ಹತ್ತಿರ ಬೇರೆ ಯಾರೂ ಇರಲಿಲ್ಲ. ಅವಳು ರಸ್ತೆಬದಿಯಿಂದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ತಂದು ಗಾಲಿಮನೆಯ ಚಕ್ರದ ಹಿಂದೆ ಒತ್ತಿದಳು. ಕೈ ಕೊಡವಿಕೊಂಡು ಎದ್ದು ನಿಂತು ಮುಂದೆ ನೋಡಿದಳು.

ಲಾರಿಯ ಪಕ್ಕದ ಕನ್ನಡಿ ಈ ಸಲ ತೆಂಗಿನ ಮರಗಳ ಕಡೆ ತಿರುಗಿರಲಿಲ್ಲ. ಅದರಲ್ಲಿ ಅವನ ಎರಡು ಕಣ್ಣುಗಳಿದ್ದವು. ಹುಬ್ಬಿನ ಮೇಲೆ ಅದೇ ಕೆಂಧೂಳು. ಬೇಡಿಕೆ ಇರಲಿಲ್ಲ ಅವುಗಳಲ್ಲಿ. ಅವಳ ಮಾತಿಗೆ ಕಾಯುತ್ತಿದ್ದವು, ಅಷ್ಟೆ. ಅವಳು ರೈಟ್ ಅಂದರೆ ಅವನು ಹೊರಡುತ್ತಾನೆ. ಮೇಲೆ ತಲುಪಿದರೆ ತಟ್ಟೆ ಕೈ ಬದಲಾಗುತ್ತದೆ.

ರೈಟ್. ದಿನಕ್ಕೆ ಎಷ್ಟೋ ಸಲ ಬರೆಯುವ ಮಾತು. ಅವಳು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತಿತು. ಲಾರಿಯ ಲೆಕ್ಕ ಸರಿ. ಆದರೆ ಆ ಸರಿಯ ಮೇಲೆ ಕಟ್ಟಿಕೊಂಡು ಹೊರಟದ್ದೆಲ್ಲ ತಪ್ಪು. ತಪ್ಪು ಲೆಕ್ಕಕ್ಕೆ ಅವಳು ಒಂದು ಸಲವೂ ರೈಟ್ ಹಾಕಿದವಳಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹಿಂದಿನವರಿಗೆ ಸಹನೆ ತಪ್ಪಿತು. ಏನಾಯಿತೆಂದು ಹಾಲಸ್ವಾಮಿಯ ಸೋದರಮಾವ ಕೇಳಿದರು. ತೋಂಟದಾರ್ಯ ಬಾಯಿಗೆ ಕೈ ಕೊಟ್ಟುಕೊಂಡು ರೈಟ್ ರೈಟ್ ಎಂದು ಕೂಗಿದ. ಲಾರಿ ಕದಲಲಿಲ್ಲ. ಡ್ರೈವರು ಕಿವುಡನೋ ಎಂದು ಸೋದರಮಾವ ಗದರಿದರು. ಬೆಟ್ಟಸ್ವಾಮಿ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ:

"ಕಲ್ಲು ಕೊಟ್ಟೋರು ಹೇಳ್ಬೇಕು."

ಆಗ ಎಲ್ಲರೂ ಗಿರಿಜಾಂಬಿಕೆಯ ಕಡೆ ನೋಡಿದರು. ಶಂಭುಲಿಂಗಯ್ಯನವರು ಏದುಸಿರು ಬಿಡುತ್ತ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ದನಿ ತಗ್ಗಿಸಿ ಕೇಳಿದರು:

"ಲೆಕ್ಕ ತಪ್ತಾ ಮಗಾ?"

ಅವಳಿಗೆ ಒಮ್ಮೆಲೇ ತಂದೆಯ ಮೇಲೆ ಮರುಕ ಬಂತು. ಲೋಕದಲ್ಲಿ ಅವರಿಗೆ ಇದ್ದ ಭಯ ಅದೊಂದೇ.

"ಇಲ್ಲ ಅಪ್ಪಾಜಿ. ಲೆಕ್ಕ ಸರಿಯಾಗಿದೆ. ಲಾರಿ ಹತ್ತುತ್ತೆ," ಎಂದಳು. "ನಾನು ಹತ್ತಲ್ಲ."

ಗುರುಶಾಂತಮ್ಮ ತಟ್ಟೆಯೊಂದಿಗೆ ರಸ್ತೆಬದಿಯ ಬಂಡೆಯ ಮೇಲೆ ಕುಳಿತುಬಿಟ್ಟರು. ಮೊದಲು ಬಾಯಿ ತೆರೆದವನು ಹಾಲಸ್ವಾಮಿ. ಕನ್ನಡಕ ತೆಗೆದು, ಬಹಳ ವಿನಯದಿಂದ ಕೇಳಿದ:

"ಹಾಗಾದ್ರೆ ಮನೆ? ಅದನ್ನಾದ್ರೂ ಕೊಡ್ತೀರಾ?"

ಶಂಭುಲಿಂಗಯ್ಯನವರು ಅವನನ್ನು ದೀರ್ಘವಾಗಿ ನೋಡಿದರು. ಹರಾಜಿನಲ್ಲಿ ತಾವು ಕೊಂಡದ್ದು ಲಾರಿಯಿಂದ ಇಳಿದಾಗ ಅದನ್ನು ನೋಡಿದ್ದರಲ್ಲ, ಹಾಗೆ. ಅಂದು ಹರಾಜಿನಲ್ಲಿ ಇಳಿಸದ ಕೈಯನ್ನು ಈ ಸಲ ಅವರು ಇಳಿಸಿದರು.

"ಕಲ್ಲು ಕೊಟ್ಟೋಳು ಅವಳು. ಅವಳನ್ನೇ ಕೇಳಪ್ಪ."

ಹಾಲಸ್ವಾಮಿ ಕೇಳಲಿಲ್ಲ. ಅವಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ನೋಡಿದ ಮೇಲೆ ಕೇಳುವ ಧೈರ್ಯ ಉಳಿಯಲಿಲ್ಲ. ಜೀಪು ಇಳಿಜಾರಿನಲ್ಲಿ ಹೊಳೆಯುತ್ತ ಹೋಯಿತು. ಅದರ ಹಿಂದೆ, ಹೇಳುವುದಕ್ಕೆ ಇಡೀ ಊರು ಕಾದಿದೆಯೆಂಬ ಅವಸರದಲ್ಲಿ, ತೋಂಟದಾರ್ಯನೂ ಇಳಿದ.

ಗಿರಿಜಾಂಬಿಕಾ ಲಾರಿಯ ಬಾಗಿಲಿನವರೆಗೆ ನಡೆದಳು. ಅವನ ಕಾಲು ಇನ್ನೂ ಬ್ರೇಕಿನ ಮೇಲಿತ್ತು.

"ಎಷ್ಟೊತ್ತು ಒತ್ಕೊಂಡಿರ್ತೀರಿ?" ಎಂದಳು.

"ನೀವು ಹೇಳೋವರ್ಗೂ. ಕಾಲು ಮರಗಟ್ಟೋಗೈತೆ, ಬೇಗ ಹೇಳಿದ್ರೆ ಒಳ್ಳೇದು."

ಅವಳು ಕೆಳಗೆ, ಅವನು ಮೇಲೆ, ಕಿಟಕಿಯ ಅಂಚಿನ ಮೇಲೆ ಅವನ ಒಂದು ಕೈ. ಧೂಳು ತುಂಬಿದ ಆ ಕೈಯ ಪಕ್ಕದಲ್ಲಿ, ಮುಟ್ಟದೆ, ಒಂದು ಬೆರಳಿನಷ್ಟು ಜಾಗ ಬಿಟ್ಟು, ಅವಳು ತನ್ನ ಕೈ ಇಟ್ಟಳು. ಕಲ್ಲು ಎತ್ತಿದ್ದರಿಂದ ಅದಕ್ಕೂ ಅದೇ ಕೆಂಪು ಹತ್ತಿತ್ತು.

"ನಾನು ಯಾರನ್ನೂ ಮೆಚ್ಚಿ ಅಭ್ಯಾಸ ಇಲ್ಲದೋಳು," ಎಂದಳು. "ತಪ್ಪು ತಿಳ್ಕೋಬೇಡಿ. ಈ ತಾಲ್ಲೂಕಿನಲ್ಲಿ ನನಗೆ ಅತಿ ಕಡಿಮೆ ತಾತ್ಸಾರ ಇರೋದು ನಿಮ್ಮ ಮೇಲೆ."

ಅವನು ಅದನ್ನು ತೂಗಿ ನೋಡಿದ.

"ಇದೊಂದೇ ತಾಲ್ಲೂಕಾ? ಮೂರನ್ನೂ ಸೇರಿಸಿ ಹೇಳಿ."

"ತಿಪಟೂರು, ಚಿಕ್ಕನಾಯಕನಹಳ್ಳಿ ಸೇರಿಸ್ಬೋದು. ತುರುವೇಕೆರೆಯೋರನ್ನ ಇನ್ನೂ ಪೂರ್ತಿ ನೋಡಿಲ್ಲ."

"ನೋಡೋದು ಬ್ಯಾಡ ಬುಡಿ," ಎಂದ ಬೆಟ್ಟಸ್ವಾಮಿ. "ನಾನು ಉಪ್ಪಿಟ್ಟು ಬಿಟ್ಟು ಎದ್ದು ಬಂದೋನು ಕಣ್ರೀ. ಆದ್ರೆ ಈ ಷೆಡ್ಡಿನಿಂದ ನಂಗೆ ಎದ್ದು ಹೋಗೋಕಾಗ್ಲಿಲ್ಲ. ಪಟ್ಟಿ ರಿಪೇರಿ ಆಗಿ ಎಷ್ಟೋ ದಿನ ಆಗಿತ್ತು. ಸಾಬ್ರನ್ನ ಕೇಳಿ."

ಆ ಒಂದು ಬೆರಳಿನ ಜಾಗವನ್ನು ಯಾರು ದಾಟಿದರೆಂದು ಹೇಳುವುದು ಕಷ್ಟ.

ಹಿಂದೆ ಗುರುಶಾಂತಮ್ಮ ಗಂಡನನ್ನು, ಈ ತಟ್ಟೆಯನ್ನು ಈಗ ಏನು ಮಾಡಲಿ ಎಂದು ಕೇಳುತ್ತಿದ್ದರು. ಶಂಭುಲಿಂಗಯ್ಯನವರು ಲಾರಿಯ ಕಿಟಕಿಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಈ ಕುರೂಪಿ ಲಾರಿ ಗಟ್ಟಿಮುಟ್ಟಾಗಿದೆ ಎಂದರು. ತಟ್ಟೆ ಹಿಡಿದುಕೊಂಡಿರು, ಕೆಳಗೆ ಇಳಿದ ಮೇಲೆ ನೋಡೋಣ ಎಂದರು.

ಗಾಲಿಮನೆ ಕಟ್ಟಿದ ಲಾರಿಯನ್ನು ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಕೆಳಗಿನ ಅಗಲದ ತಿರುವಿನವರೆಗೆ ಹಿಮ್ಮುಖವಾಗಿಯೇ ಇಳಿಸಬೇಕು. ಹಿಂದೆ ಒಬ್ಬರು ನಿಂತು ದಾರಿ ಹೇಳಬೇಕು. ಅವಳು ಸನ್ನೆ ಮಾಡಿದ ಮೇಲೆ ಬೆಟ್ಟಸ್ವಾಮಿ ಲಾರಿಯನ್ನು ಚೂರು ಮುಂದಕ್ಕೆ ತಂದ. ಅವಳು ಬಗ್ಗಿ ಕಲ್ಲನ್ನು ತೆಗೆದು, ರಸ್ತೆಯಲ್ಲಿ ಬಿಡದೆ, ಜಾಲಿಯ ಬುಡದಲ್ಲಿ ಇಟ್ಟು ಬಂದಳು. ಆಮೇಲೆ ಹಿಂದಕ್ಕೆ ಹೋಗಿ, ತನ್ನ ಮುಖ ಅವನ ಕನ್ನಡಿಯಲ್ಲಿ ಪೂರ್ತಿ ಕಾಣುವ ಕಡೆ ನಿಂತಳು.

ಕನ್ನಡಿಯಲ್ಲಿ ಆ ಎರಡು ಕಣ್ಣುಗಳು ಮತ್ತೆ ಕಾಯುತ್ತಿದ್ದವು.

ಅವಳು ಕೆಂಪಾದ ಕೈಯನ್ನು ಎತ್ತಿ ತನ್ನ ಕಡೆಗೆ ಬೀಸಿದಳು.

"ಬರ್ಲಿ," ಎಂದಳು. "ಬರ್ಲಿ... ಬರ್ಲಿ."